ಮೊದಲ ಪಂಕ್ತಿಯ ಊಟ

ಭಾನುವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನೀನು ಬಟ್ಟೆ ಕಾರ್ಖಾನೆಯಿಂದ ಕರೆ ಮಾಡಿದಾಗಲೆಲ್ಲ ಫೋನು ಅಪ್ಪನ ಕೈಯಲ್ಲಿರುತ್ತದೆ, ಪಕ್ಕದಲ್ಲೇ ಅಜ್ಜಿಯ ಕಿವಿ ಇರುತ್ತದೆ. ಎಲ್ಲ ಚೆನ್ನಾಗಿದೆ ಎಂದು ಹೇಳಿ ಇಟ್ಟುಬಿಡುತ್ತೇನೆ. ಈಗಲೂ ಒಂದು ಕಡೆ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಕಿಟಕಿಯಲ್ಲಿ ಇಣುಕುವುದು, ಮತ್ತೆ ಬಂದು ಕೂರುವುದು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹೋದ ವಾರ ನಮ್ಮ ಶಾಲೆಗೆ ನರ್ಸಮ್ಮ ಬಂದಿದ್ದರು. ಒಂಬತ್ತನೇ ತರಗತಿಯ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನನ್ನದನ್ನು ನೋಡಿ, "ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?" ಎಂದು ಕೇಳಿದರು. ಬರುತ್ತದೆ. ನಿನಗೆ ಹೇಳಿರಲಿಲ್ಲ. ಆಮೇಲೆ, ನಿನ್ನೆ ಏನು ತಿಂದೆ ಎಂದರು. ಅನ್ನ, ಆಲೂಗಡ್ಡೆ ಎಂದೆ. ಮೊನ್ನೆ? ಅನ್ನ, ಆಲೂಗಡ್ಡೆ. ಅದರ ಹಿಂದಿನ ದಿನ ಏನೆಂದು ಕೇಳಿದಾಗ ನನ್ನ ಹಿಂದೆ ನಿಂತಿದ್ದ ದರ್ಜಿಯ ಮಗಳು, ನಾವೆಲ್ಲ ಕಡ್ಡಿ ಎಂದು ಕರೆಯುವವಳು, "ಅವತ್ತು ಬದಲಾವಣೆ ಇರ್ಲಿ ಅಂತ ಆಲೂಗಡ್ಡೆ, ಅನ್ನ" ಎಂದಳು. ಎಲ್ಲರೂ ನಕ್ಕೆವು. ನರ್ಸಮ್ಮ ಮಾತ್ರ ನಗಲಿಲ್ಲ.

"ಹೊಟ್ಟೆ ತುಂಬಿದ್ರೆ ಸಾಲದು ಕಣಮ್ಮ, ಬೆಳೆಯೋ ಮೈ ಇದು. ಸೊಪ್ಪು, ಕಾಳು, ಮೊಟ್ಟೆ, ಹಣ್ಣು, ತಟ್ಟೆಯಲ್ಲಿ ಏನಾದ್ರೂ ಬದಲಾಗ್ತಾ ಇರ್ಬೇಕು" ಎಂದು ಮಾತ್ರೆ ಕೊಟ್ಟರು.

ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಕೊರೆಯಿತು. ನಮ್ಮ ಮನೆಗೆ ಇವೆಲ್ಲ ಬರುವುದೇ ಇಲ್ಲ ಎಂದಲ್ಲ. ಗೋದಾಮಿನಲ್ಲಿ ಮೂಟೆ ಇಳಿಸಿ ಬರುವಾಗ ಅಪ್ಪ, ಚಿಕ್ಕಪ್ಪ ಸೊಪ್ಪು ತರುತ್ತಾರೆ, ಮೊಟ್ಟೆ ತರುತ್ತಾರೆ, ಒಮ್ಮೊಮ್ಮೆ ಮೀನೂ ಬರುತ್ತದೆ. ಅಜ್ಜಿ ಅವರಿಬ್ಬರಿಗೆ ಮೊದಲು ಬಡಿಸುತ್ತಾಳೆ. ನಮ್ಮ ಪಂಕ್ತಿ ಬರುವ ಹೊತ್ತಿಗೆ ಆಲೂಗಡ್ಡೆ ಉಳಿದಿರುತ್ತದೆ. ನೀನಿದ್ದಾಗಲೂ ಹೀಗೇ ಇತ್ತು. ನೀನು ಪಾತ್ರೆಯ ತಳ ಕೆರೆದು ನನ್ನ ತಟ್ಟೆಗೆ ಹಾಕುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಅಜ್ಜಿಗೆ ನರ್ಸಮ್ಮನ ಮಾತು ಹೇಳಿದೆ. "ಹೆಣ್ಣುಮಕ್ಕಳ ನಾಲಿಗೆ ಉದ್ದ ಆಗಬಾರ್ದು. ನಾವೇನು ಮೊಟ್ಟೆ ತಿಂದು ಬೆಳೆದ್ವಾ?" ಎಂದು ಒಲೆಯ ಕಡೆ ತಿರುಗಿದಳು.

ಬುಧವಾರ ಸಂಜೆ ಗಂಡಸರು ಊಟಕ್ಕೆ ಕೂತಾಗ ನಾನೂ ತಟ್ಟೆ ತಂದು ಅಪ್ಪನ ಪಕ್ಕ ಕೂತುಬಿಟ್ಟೆ. "ಏನಮ್ಮ, ನೀನೂ ಮೂಟೆ ಇಳಿಸಿ ಬಂದ್ಯಾ?" ಎಂದ ಚಿಕ್ಕಪ್ಪ. ಅಜ್ಜಿ ನನ್ನ ತಟ್ಟೆಯೊಂದನ್ನು ಬಿಟ್ಟು ಬಡಿಸಿದಳು. ನಾನು ಏಳಲಿಲ್ಲ. ಅಪ್ಪ ಒಂದು ತುತ್ತು ನುಂಗಿದ. ಎರಡನೆಯದನ್ನು ಕಲಸಿ ಅಲ್ಲೇ ಬಿಟ್ಟ. ತನ್ನ ಮೊಟ್ಟೆ ಎತ್ತಿ ನನ್ನ ತಟ್ಟೆಗೆ ಇಟ್ಟ.

"ದುಡಿಯೋನ ತಟ್ಟೆಯಿಂದ ಕಿತ್ಕೊಂಡು ತಿಂತೀಯಾ?" ಎಂದಳು ಅಜ್ಜಿ.

ನನಗೆ ತಡೆಯಲಾಗಲಿಲ್ಲ. "ಅಮ್ಮನೂ ದುಡೀತಾಳೆ. ರಜೆಗೆ ಬಂದಾಗ ಅವಳಿಗೆ ಒಂದು ದಿನ ಆದ್ರೂ ಮೊದ್ಲು ಬಡಿಸಿದ್ಯಾ?" ಎಂದುಬಿಟ್ಟೆ.

ಅಜ್ಜಿ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು. "ಆಡಿದ ಮಾತು ಸರಿ, ಆಡಿದ ರೀತಿ ಸರಿಯಿಲ್ಲ. ತಿನ್ನು" ಎಂದ ಅಪ್ಪ. ತಿಂದೆ. ರುಚಿ ತಿಳಿಯಲಿಲ್ಲ.

ಆಮೇಲೆ ಎರಡು ದಿನ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. "ಕೆಲವರು ನೀರು ತಂದಿದ್ರೆ ಚೆನ್ನಾಗಿತ್ತು" ಎಂದು ಬೆಕ್ಕಿಗೆ ಹೇಳುತ್ತಿದ್ದಳು. ನಾನು ಹೋಗಿ ತರುತ್ತಿದ್ದೆ. ನಿನ್ನೆ ಅಪ್ಪ ಯಾರಿಗೂ ಹೇಳದೆ ನಾಲ್ಕು ಮೊಟ್ಟೆ ತಂದ. ಅಜ್ಜಿ ಅವನ್ನು ಎಣಿಸಿ ನೋಡಿ, ಬೇಯಿಸಿ, ಪಾತ್ರೆಗಳನ್ನೆಲ್ಲ ನಡುಮನೆಯಲ್ಲಿ ಇಟ್ಟಳು. "ಯಾರಿಗೆ ಏನು ಬೇಕೋ ಹಾಕ್ಕೊಳ್ಳಿ. ನನಗೆ ಬಡಿಸೋಕೆ ಬರಲ್ಲ ಅಂತ ಗೊತ್ತಾಯ್ತಲ್ಲ" ಎಂದು ಹೊರಗೆ ಮೆಟ್ಟಿಲ ಮೇಲೆ ಕೂತಳು. ನಾನೇ ತಟ್ಟೆ ತುಂಬಿ ಅವಳ ಮುಂದೆ ಇಟ್ಟೆ. ಅನ್ನ, ಸೊಪ್ಪು ತಿಂದಳು. ಮೊಟ್ಟೆ ಮುಟ್ಟಲಿಲ್ಲ, ಹಲ್ಲಿಗೆ ಆಗಲ್ಲ ಎಂದಳು.

ಗೆದ್ದೆನೋ ಸೋತೆನೋ ತಿಳಿಯುತ್ತಿಲ್ಲ ಅಮ್ಮ. ಅಜ್ಜಿಯ ಕ್ಷಮೆ ಕೇಳು ಎಂದು ನೀನು ಹೇಳಿದರೆ ಕೇಳುತ್ತೇನೆ. ಎರಡನೇ ಪಂಕ್ತಿಗೆ ವಾಪಸ್ ಹೋಗು ಎಂದು ಮಾತ್ರ ಹೇಳಬೇಡ. ಬೇಗ ಬರೆ.

ನಿನ್ನ ಹಟಮಾರಿ
ಮಗಳು

ತಾ.ಕ.: ಅಜ್ಜಿ ಮೊಟ್ಟೆ ಮುಟ್ಟಲಿಲ್ಲ ಎಂದು ಬರೆದದ್ದು ಸುಳ್ಳು. ಗೋಡೆಯ ಕಡೆ ತಿರುಗಿ ಪೂರ್ತಿ ತಿಂದಳು. "ನಿಮ್ಮಮ್ಮನಿಗೆ ಹೇಳ್ಬೇಡ" ಎಂದಳು. ಆಮೇಲೆ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಒಳಗಿನ ಹಳದಿ ಯಾವಾಗ್ಲೂ ಇಷ್ಟು ಹುಡಿಹುಡಿಯಾಗೇ ಇರುತ್ತಾ?" ಜೀವಮಾನವೆಲ್ಲ ಈ ಮನೆಗೆ ಮೊಟ್ಟೆ ಬೇಯಿಸಿದವಳು ಅವಳು. ಹೌದು ಅಜ್ಜಿ ಎಂದೆ.