ಒಂದೂವರೆ ಗಂಟೆಯ ಪ್ರಾಯ

೩-೨-೨೦೦೮, ಸಂಜೆ
ಇವತ್ತೂ ಬಜ್ಪೆ ವಿಮಾನ ನಿಲ್ದಾಣ. ಪುತ್ತಿಗೆಯಿಂದ ಮುಕ್ಕಾಲು ಗಂಟೆ. ನನ್ನ ಜೀಪಿನಲ್ಲಿ ಏಳು ಜನ, ದುಬೈಗೆ ಹೋಗುವವನು ಸುಹೈಬ್ ಒಬ್ಬನೇ. ಉಳಿದ ಆರು ಜನ ಅಳುವುದಕ್ಕೆ. ಅವನ ಹೆಂಡತಿಗೆ ಹೇಳಿದೆ: “ಮೂರೂವರೆ ಗಂಟೆಯ ದಾರಿ ಮಾರಾಯ್ತಿ. ಬಸ್ಸಲ್ಲಿ ಮುಂಡಾಜೆಗೆ ಹೋಗಿ ಬರ್ಲಿಕ್ಕೆ ಇದಕ್ಕಿಂತ ಜಾಸ್ತಿ ಬೇಕು.” ನಕ್ಕಳು.
ಸುಹೈಬ್‌ಗೆ ನನ್ನ ಹಳೇ ಡೈಲಾಗ್: “ಇಳಿದ ಕೂಡಲೇ ವಾಚು ಒಂದೂವರೆ ಗಂಟೆ ಹಿಂದೆ ತಿರುಗಿಸು. ಅಷ್ಟು ಪ್ರಾಯ ಕಡಿಮೆ ಆಗ್ತದೆ.”
ಮನೆಗೆ ಬಂದು ಉಮ್ಮನಿಗೂ ಹೇಳಿದೆ. ಹಾಸಿಗೆಯಿಂದಲೇ— “ಹಾಗಾದ್ರೆ ನನ್ನನ್ನೂ ಕಳಿಸು. ಸಮದ್‌ನನ್ನು ನೋಡಿ ಬರ್ತೇನೆ.” ಅವರ ಕಿರಿಮಗ, ನನ್ನ ತಮ್ಮ, ದುಬೈಗೆ ಹೋಗಿ ನಾಲ್ಕು ವರ್ಷ.
“ಬರುವಾಗ ಪ್ರಾಯ ವಾಪಸ್ ಕೊಡ್ಬೇಕು ಉಮ್ಮಾ.”

೧೨-೨-೨೦೦೮, ಬೆಳಿಗ್ಗೆ ೮
ಬೆಳಗಿನ ಜಾವ, ಸುಬಹ್ ಬಾಂಗಿನ ಹೊತ್ತಿಗೆ ಉಮ್ಮ ತೀರಿಹೋದರು.
ಸಮದ್ ಫೋನ್ ಮಾಡಿದ. ಟಿಕೆಟ್ ಸಿಕ್ಕಿತಂತೆ. “ಹನ್ನೊಂದೂವರೆಗೆ ಫ್ಲೈಟು. ಕಾಯ್ಬೇಕು. ಮುಖ ಒಮ್ಮೆ ನೋಡ್ಬೇಕು ನನಗೆ.” ಕಾಯ್ತೇವೆ ಅಂದೆ.
ಮಸೀದಿಯ ಹಿರಿಯ ಅಬ್ದುಲ್ ರಹಿಮಾನ್ ಹಾಜಿ ಕೇಳಿದರು: “ಮಯ್ಯತ್ತನ್ನು ತುಂಬ ಹೊತ್ತು ಇಡುವ ಹಾಗಿಲ್ಲ ಶುಕೂರ್. ಎಷ್ಟೊತ್ತಿಗೆ ಬರ್ತಾನೆ?”
ಊರಿಗೆಲ್ಲ ವಿಮಾನದ ಹೊತ್ತು ಹೇಳುವವನು ನಾನೇ. ಬೆರಳು ಮಡಚಿದೆ. ಹನ್ನೊಂದೂವರೆಗೆ ಮೂರೂವರೆ ಸೇರಿಸಿದರೆ ಮೂರಕ್ಕೆ ಬಜ್ಪೆ. ನಾಲ್ಕೂಕಾಲಿಗೆ ಮನೆ.
“ಸಂಜೆ ಅಸರ್ ನಮಾಜು ಮುಗಿಸಿ ಮಣ್ಣು ಮಾಡುವ.” ಒಪ್ಪಿದರು.

೧೪-೨-೨೦೦೮
ಬರೆಯಲು ಆಗಿರಲಿಲ್ಲ.
ಅವತ್ತು ಜೀಪು ಕೊಟ್ಟು ಪಕ್ಕದ ಮನೆಯ ರಿಝ್ವಾನ್‌ನನ್ನು ಬಜ್ಪೆಗೆ ಕಳಿಸಿದ್ದೆ. ಮೂರೂವರೆಗೆ ಫೋನ್ ಮಾಡಿದ, ವಿಮಾನ ಬರಲಿಲ್ಲ. ನಾಲ್ಕಕ್ಕೂ ಇಲ್ಲ. ಲೇಟ್ ಅಂದುಕೊಂಡೆ. ಅಸರ್ ಆಯಿತು. ಎಲ್ಲರೂ ನನ್ನ ಮುಖ ನೋಡಿದರು.
ಹಾಜಿ ಹೇಳಿದರು, “ನೀನು ಹೇಳಿದ್ರೆ ಇನ್ನೂ ಸ್ವಲ್ಪ ಕಾಯುವ.”
“ಲೇಟಾದ ವಿಮಾನ ನಂಬಿ ಕೂತ್ರೆ ಆಗ್ಲಿಕ್ಕಿಲ್ಲ. ಮಯ್ಯತ್ ಎತ್ತುವ” ಅಂದವನು ನಾನು.
ಮಣ್ಣು ಹಾಕಿ ಬರುವಾಗ ಐದೂಕಾಲು. ಐದೂಮುಕ್ಕಾಲಿಗೆ ಜೀಪು ಬಂತು. ಸಮದ್ ಖಾಲಿ ಮಂಚ ನೋಡಿದ.
“ಕಾಯ್ತೇವೆ ಅಂದಿದ್ದಿ.”
“ವಿಮಾನ ಲೇಟಲ್ವಾ ಮಾರಾಯ...”
“ಲೇಟಿರ್ಲಿಲ್ಲ.”
ಅಷ್ಟೇ. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ.

೧೭-೨-೨೦೦೮, ಮಧ್ಯಾಹ್ನ
ಜೀಪು ಗುಡಿಸುವಾಗ ಸೀಟಿನಡಿ ಸಮದ್‌ನ ಬೋರ್ಡಿಂಗ್ ಪಾಸ್ ಸಿಕ್ಕಿತು. ಹನ್ನೊಂದೂವರೆ. ದುಬೈಯ ಹನ್ನೊಂದೂವರೆ... ಇಲ್ಲಿ ಆಗ ಒಂದು ಗಂಟೆ. ಬಜ್ಪೆಗೆ ನಾಲ್ಕೂವರೆಗೇ ಬರಬೇಕಾದ ವಿಮಾನ. ಸರಿಯಾಗಿಯೇ ಬಂದಿದೆ.
ಊರಿನ ಅರ್ಧ ಗಂಡಸರಿಗೆ ವಾಚು ತಿರುಗಿಸಲು ಕಲಿಸಿದವನು ನಾನು. ಉಮ್ಮ ಹೋದ ದಿನ ನಾನೇ ಅದನ್ನು ಮರೆತೆ. ಇನ್ನೊಂದು ಗಂಟೆ ಕಾದಿದ್ದರೆ ಸಾಕಿತ್ತು.
ಊರಿನವರ ಲೆಕ್ಕದಲ್ಲಿ ಈಗಲೂ ವಿಮಾನವೇ ಲೇಟ್. ಪಾಪ, ಅದಕ್ಕೆ ಬಾಯಿಲ್ಲ. ನನಗೆ ಉಂಟು, ಎಲ್ಲದಕ್ಕೂ ಉಂಟು. ಇದೊಂದಕ್ಕೆ ಇಲ್ಲ.
ನಾಳೆ ಸಮದ್ ಹೊರಡ್ತಾನೆ. ಬಜ್ಪೆಗೆ ಬಿಡುವವನು ನಾನೇ. ಮುಕ್ಕಾಲು ಗಂಟೆ ಇಬ್ಬರೇ. ನನ್ನ ಲೆಕ್ಕ ತಪ್ಪಿದ್ದು ಹೇಳಬಹುದು. ಹೇಳದೆ ಇರಲೂಬಹುದು— ವಿಮಾನ ಹತ್ತಿದ ಮೇಲೆ ಮತ್ತೆ ನಾಲ್ಕು ವರ್ಷ...
ಒಳಗಿನಿಂದ ಹೆಂಡತಿ ಬೀಬಿ ಕರೆಯುತ್ತಿದ್ದಾಳೆ.
“ಊಟಕ್ಕೆ ಬನ್ನಿ. ಸಮದ್ ಬಟ್ಟಲು ಮುಟ್ಲಿಲ್ಲ. ನೀವು ಬರುವವರೆಗೆ ಕಾಯ್ತಾನಂತೆ.”