ಕಪ್ಪು ಪರದೆ ಮಾತಾಡಿದ ದಿನ

ಸೆಲ್ವಿ ಅಕ್ಕಾ,

ಮೇಡಂ ಎಂದರೆ ಸಿಡುಕುತ್ತಿದ್ದಿರಲ್ಲ, ಅದಕ್ಕೆ ಅಕ್ಕ ಎಂದೇ ಬರೆಯುತ್ತಿದ್ದೇನೆ. ಭಾನುವಾರದ ಮಧ್ಯಾಹ್ನ. ಪಾಪು ಈಗಷ್ಟೇ ಕಣ್ಣು ಮುಚ್ಚಿದೆ. ನಾನೂ ಮಲಗಬೇಕಿತ್ತು. ಆದರೆ ಇದನ್ನು ನಿಮಗೆ ಹೇಳದೆ ನಿದ್ದೆ ಎಲ್ಲಿಂದ ಬರಬೇಕು?

ಸಿ.ವಿ. ರಾಮನ್ ನಗರದ ಆಫೀಸಿಗೆ ನಾನು ಸೇರಿದ ವಾರವೇ ನೀವು ಹೊಸ ಬೋರ್ಡೊಂದನ್ನು ಮೊದಲ ಸಲ ಚಾಲೂ ಮಾಡಿ ಎಬ್ಬಿಸುವುದನ್ನು ನೋಡಿದೆ. ಆಸ್ಪತ್ರೆಯಲ್ಲಿ ರೋಗಿಯ ನಾಡಿ ತೋರಿಸುವ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು. ಆಪರೇಟಿಂಗ್ ಸಿಸ್ಟಂ ಶುರುವಾಗುವಾಗ ಉಳಿದವರೆಲ್ಲ ಮೊದಲು ಮೆಮೊರಿ, ಡಿಸ್ಕ್ ಎಂದು ಓಡುತ್ತಿದ್ದರು. ನೀವು ಮಾತ್ರ ಪರದೆಯ ಮೇಲೆ ಅಕ್ಷರ ಮೂಡಿಸುವ ಕನ್ಸೋಲನ್ನು ಎಲ್ಲಕ್ಕಿಂತ ಮುಂಚೆ ಸಿದ್ಧ ಮಾಡುತ್ತಿದ್ದಿರಿ. ಯಾವ ಡ್ರೈವರ್ ತಂತ್ರಾಂಶದ ಹಂಗೂ ಇಲ್ಲದೆ ಪರದೆಗೆ ನೇರವಾಗಿ ಬರೆಯುವ ನಲವತ್ತೇ ಸಾಲು ಕೋಡ್. "ಏನ್ಮಾ ದೀಪಾ, ಹುಟ್ಟಿದ್ ಮಗು ಮೊದ್ಲು ಅಳ್ಬೇಕು. ಹಾಲು, ಕುಲಾವಿ ಎಲ್ಲಾ ಆಮೇಲೆ!" ಎಂದು ನಕ್ಕಿರಿ, ಡಬ್ಬಿಯ ಮುಚ್ಚಳದಲ್ಲಿ ನನಗೂ ಪುಳಿಯೋಗರೆ ಹಾಕುತ್ತಾ. ಅಷ್ಟು ಸಣ್ಣ ಕೆಲಸದಲ್ಲಿ ಅಷ್ಟು ದೂರ ಯೋಚಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಹೆರಿಗೆ ರಜೆಗೆ ಮುಂಚಿನ ಆ ದಿನ ನೆನೆದರೆ ನಾಚಿಕೆಯಾಗುತ್ತದೆ. ಆಗ ನೀವು ಕೆಲಸ ಬಿಟ್ಟು ಹೋಗಿಯಾಗಿತ್ತು. ಆನ್ ಮಾಡಿದ ಕೂಡಲೇ ಬಿಳಿ ಅಕ್ಷರ ಸುರಿಯುವುದು ಗಿರಾಕಿಗಳಿಗೆ ಹಿಡಿಸದು, ಬರೀ ಲೋಗೊ ಬರಲಿ ಎಂದರು ಮೇಲಿನವರು. ನಿಮ್ಮ ನಲವತ್ತು ಸಾಲನ್ನು ತೆಗೆದು, ಕನ್ಸೋಲನ್ನು ಕೊನೆಗೆ ತಳ್ಳಿದವಳು ನಾನೇ ಅಕ್ಕಾ. ನೋಡಲು ಚೆನ್ನಾಗಿತ್ತು, ಅದಕ್ಕೇ...

ರಜೆ ಮುಗಿಸಿ ಬಂದಾಗ ಕೈಗೆ ಸಿಕ್ಕಿದ್ದು ಹೊಸ ಬೋರ್ಡು. ನಾಲ್ಕು ದಿನ ಬರೀ ಕಪ್ಪು ಪರದೆ. ಎಲ್ಲಿ ಸಾಯುತ್ತಿದೆ ಎಂದು ಗೊತ್ತಾಗುವುದಾದರೂ ಹೇಗೆ? ಅತ್ತ ಜೀವನ್ ಬಿಮಾ ನಗರದಲ್ಲಿ ಅಮ್ಮನ ಬಳಿ ಬಿಟ್ಟ ಪಾಪು ಹಾಲು ಕುಡಿಯಿತೋ ಇಲ್ಲವೋ. ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಪ್ರಕಾಶ್ ಮೆಲ್ಲಗೆ ಬಂದರು. "ಬೇಜಾರ್ ಮಾಡ್ಕೋಬೇಡಿ ದೀಪಾ. ಇವತ್ತು ಏಳ್ಲಿಲ್ಲ ಅಂದ್ರೆ ಬೇರೆ ಟೀಮಿಗೆ ಕೊಟ್ಬಿಡ್ತೀನಿ. ನೀವು ಸ್ವಲ್ಪ ದಿನ ಡಾಕ್ಯುಮೆಂಟ್ಸ್ ನೋಡ್ಕೊಳ್ಳಿ." ಆ ಕರುಣೆಗಿಂತ ಬೈಗುಳವೇ ವಾಸಿ. ನನ್ನಿಂದ ಇನ್ನು ಆಗುವುದಿಲ್ಲವೇನೋ ಎಂದು ನನಗೇ ಅನ್ನಿಸಿಬಿಟ್ಟಿತ್ತು.

ಮಧ್ಯಾಹ್ನ ನಿಮ್ಮ ಹಳೆಯ ಸಾಲುಗಳನ್ನು ಹುಡುಕಿ ತೆಗೆದೆ. ಹೊಸ ಪರದೆಗೆ ತಕ್ಕಂತೆ ಅದರಲ್ಲಿನ ವಿಳಾಸವೊಂದನ್ನು ಬದಲಿಸಿ ಎಲ್ಲಕ್ಕಿಂತ ಮುಂದೆ ಕೂರಿಸಿದೆ. ಆನ್ ಮಾಡಿದರೆ ಒಂದು ಸಾಲು, ಎರಡು, ಮೂರು... ನಾಲ್ಕನೆಯದರಲ್ಲಿ ನಿಂತಿತು. ಬೋರ್ಡಿನಲ್ಲಿ ಇರುವುದರ ಎರಡರಷ್ಟು ಮೆಮೊರಿ ತೋರಿಸುತ್ತಿತ್ತು. ಇಲ್ಲದ ಜಾಗಕ್ಕೆ ಕೈಹಾಕಿ ಪ್ರತಿಸಲವೂ ಅಲ್ಲೇ ಸಾಯುತ್ತಿತ್ತು. ನಾನು ಮಾಡಿಟ್ಟ ಕ್ರಮದಲ್ಲಿ ಕನ್ಸೋಲಿನ ಸರದಿ ಬರುತ್ತಿದ್ದದ್ದು ಅದರ ನಂತರ, ಹೇಳುವವರು ಯಾರು? ಒಂದು ಸಂಖ್ಯೆ ತಿದ್ದಿದೆ. ಬೋರ್ಡು ಎದ್ದಿತು. ನಾನು ಅತ್ತೆ.

"ಅಬ್ಬಾ! ಸರಿ, ಈಗ ಆ ಅಕ್ಷರ ಎಲ್ಲಾ ತೆಗೆದ್ಬಿಡಿ," ಎಂದರು ಪ್ರಕಾಶ್.

"ತೆಗೆಯಲ್ಲ ಸಾರ್. ಲೋಗೊ ಬೇಕಾದ್ರೆ ಮೇಲೆ ಮುಚ್ತೀನಿ. ಏನಾದ್ರೂ ಕೆಟ್ರೆ ಕೆಳಗಿರೋ ಅಕ್ಷರ ಕಾಣ್ಬೇಕು."

"ಯಾರ್ರೀ ಬರೆದಿದ್ದು ಇದನ್ನ?"

"ಸೆಲ್ವಿ ಅಕ್ಕ."

ಅವರು ಬಗ್ಗಿ ಪರದೆಯ ಸಾಲುಗಳನ್ನು ಒಂದೊಂದಾಗಿ ಓದಿದರು. ಆಮೇಲೆ, "ಮುಂದಿನ ಬೋರ್ಡಿಗೆ ಮೊದಲ ದಿನದಿಂದಲೇ ನೀವೇ ಕೂತ್ಕೊಳ್ಳಿ ದೀಪಾ," ಎಂದರು. ಹೂಂ ಅಂದೆ, ಅಕ್ಕಾ.

ನಿಮ್ಮ
ದೀಪಾ