ಅಲಸಂಡೆ ಸಾಲು, ಅರ್ಧ ಪೊದೆ

ಜನವರಿ 18, ಬೆಳಿಗ್ಗೆ 8.10
ಇಂದೂ ದಹಿಸರ್ ನದಿ ದಂಡೆಗೆ ವಾಕಿಂಗ್. ಡಾಕ್ಟರರ ಆಜ್ಞೆ ಅರ್ಧ ಗಂಟೆ. ನಡೆದದ್ದು ಹತ್ತು ನಿಮಿಷ, ಸರ್ದಾರನ ಅಲಸಂಡೆ ಹೊಲದಲ್ಲಿ ನಿಂತು ಸಲಹೆ ಕೊಟ್ಟದ್ದು ಇಪ್ಪತ್ತು. ಮೂವತ್ತೆರಡು ವರ್ಷ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಹೋಟೆಲು ನಡೆಸಿದವನು ನಾನು. ಸುಮ್ಮನಿರುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಯಿತು.

ಸರ್ದಾರ ಕನ್ನಡದವನೇ, ಇಂಡಿ ಕಡೆಯವನು; ಈ ಜಾಗ ಗೇಣಿಗೆ ಹಿಡಿದಿದ್ದಾನೆ. ಇವತ್ತು ಮಂಕಾಗಿದ್ದ. ಜಾಗದ ಶೇಠ್ ಹೇಳಿ ಹೋಗಿದ್ದಾರಂತೆ — ಮಾರ್ಚಿನಲ್ಲಿ ಬಂದು ಬೆಳೆ ನೋಡುತ್ತೇನೆ, ಚೆನ್ನಾಗಿದ್ದರೆ ಮುಂದಿನ ವರ್ಷವೂ ನಿನಗೆ. ಇಲ್ಲದಿದ್ದರೆ ಮದುವೆ ಮಂಟಪದ ಸಾಮಾನು ಇಡುವವರು ಕೇಳುತ್ತಿದ್ದಾರೆ.

ನಾಳೆ ಅವನೂ ಹೆಂಡತಿ ಹಜರತಬಿಯೂ ಮದುವೆಗೆಂದು ಊರಿಗೆ. ಎಂಟು ದಿನ. "ನೀರು ಬಿಟ್ರ ಸಾಕ್ರಿ ಶೆಟ್ರ. ಬ್ಯಾರೆ ಏನೂ ಮಾಡಬ್ಯಾಡ್ರಿ."

ಬೇರೆ ಏನೂ ಮಾಡಬಾರದಂತೆ. ನನಗೆ!

ಜನವರಿ 22
ಮಾಡಿದೆ.

ಹೊಲದ ಬದಿಗೆ ಉದ್ದಕ್ಕೂ ಕಾಡುಪೊದೆ. ತುಂಬೆ, ಎಕ್ಕ, ಹೆಸರೇ ಗೊತ್ತಿಲ್ಲದ ಹಳದಿ ಹೂ. ಹೋಟೆಲಿನ ಮೊದಲ ಪಾಠ: ಮೂಲೆ ಕೊಳಕಾದರೆ ಜಿರಲೆ ಖಾತ್ರಿ. ಹುಲ್ಲು ಕತ್ತರಿಸುವ ಮಿಷಿನ್‌ನವನನ್ನು ಕರೆಸಿ ನದಿಯ ಸೇತುವೆ ಕಡೆಯ ಅರ್ಧ ನುಣ್ಣಗೆ ಸವರಿಸಿದೆ. ಉಳಿದರ್ಧಕ್ಕೆ ಪೆಟ್ರೋಲು ಸಾಲಲಿಲ್ಲ. ಇರಲಿ. ಸರ್ದಾರನಿಗೆ ಸರ್‌ಪ್ರೈಸ್.

ಜನವರಿ 28
ಸರ್ದಾರ ಬಂದ. ನೋಡಿದ. ತುಂಬ ಹೊತ್ತು ನೋಡಿದ. "ಸ್ವಚ್ಛ ಆಗೇತ್ರಿ," ಅಂದ. ಅಷ್ಟೇ. ಹಜರತಬಿ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು.

ಹೊಗಳುವುದರಲ್ಲಿ ಈ ದಂಪತಿ ಮಹಾ ಜಿಪುಣರು.

ಫೆಬ್ರವರಿ 7
ಅಲಸಂಡೆಗೆ ಕರಿ ಹೇನು. ಕುಡಿ, ಹೂ, ಎಳೆ ಕಾಯಿ... ಎಳ್ಳು ಮೆತ್ತಿದ ಹಾಗೆ. ಹೆಚ್ಚೂಕಡಿಮೆ ಎಲ್ಲವೂ ಸೇತುವೆ ಕಡೆಯ ಸಾಲುಗಳಲ್ಲೇ.

ಕೂಲಂಕಷ ತನಿಖೆಯ ನಂತರ ನನ್ನ ತೀರ್ಪು: ಉಳಿಸಿದ ಅರ್ಧ ಪೊದೆಯಿಂದಲೇ ಬಂದಿವೆ. ಹತ್ತನೇ ತಾರೀಕು ಸರ್ದಾರ ಸೊಪ್ಪು ಮಾರಲು ಹೋದಾಗ ಮಿಷಿನ್‌ನವನು ಬರುತ್ತಾನೆ. ಈ ಸಲ ಫುಲ್ ಟ್ಯಾಂಕ್.

ಫೆಬ್ರವರಿ 9, ಸಂಜೆ
ಹೆಂಡತಿಗೆ ಹೇಳಿದೆ. ಸೇವಂತಿಯ ಕೈಯ ಸೌಟು ನನ್ನತ್ತ ತಿರುಗಿತು.

"ನಾಳೆಯಿಂದ ಕೆಡ್ಡಸ ಅಲ್ವಾ ಮಾರಾಯ್ರೆ! ಭೂಮಿತಾಯಿ ಮುಟ್ಟಾಗುವ ಮೂರು ದಿನ. ಅಗಿಯಲಿಕ್ಕಿಲ್ಲ, ಕಡಿಯಲಿಕ್ಕಿಲ್ಲ. ಹುಲ್ಲಿಗೂ ಕತ್ತಿ ತಾಗಿಸ್ಲಿಕ್ಕಿಲ್ಲ."

"ಅದೆಲ್ಲ ನಮ್ಮ ಕರಾವಳಿ ಊರಲ್ಲಿ. ಇದು ಮುಂಬಯಿ."

"ಮುಂಬಯಿ ಏನು ಆಕಾಶದಲ್ಲಿ ಉಂಟಾ?"

ಮಿಷಿನ್‌ನವನಿಗೆ ಫೋನ್. ಹದಿಮೂರಕ್ಕೆ ಬಾ.

ಫೆಬ್ರವರಿ 12
ಕೆಡ್ಡಸದ ಕೊನೆಯ ದಿನ. ನೆಲಕ್ಕೆ ಎಣ್ಣೆ ಬಿಡುವ ಶಾಸ್ತ್ರ. ನಮ್ಮ ಬಿಲ್ಡಿಂಗ್ ಸುತ್ತ ನೆಲ ಎಲ್ಲಿದೆ, ಬರೀ ಕಾಂಕ್ರೀಟು. ಸೇವಂತಿ ಎಣ್ಣೆ, ಅರಸಿನ, ಸೀಗೆಪುಡಿ ಹಿಡಿದು ನೇರ ಸರ್ದಾರನ ಹೊಲಕ್ಕೆ.

ಹಜರತಬಿ ಕಣ್ಣರಳಿಸಿ ನೋಡಿದಳು. "ಬಾಣಂತಿಗಿ ಎರದಂಗ ಎರಿತೀರಲ್ರಿ ಅಕ್ಕಾ!" ಆಮೇಲೆ ಇಬ್ಬರೂ ಬದುವಿನ ಮೇಲೆ ಕೂತು ಹುರಿದ ಅಕ್ಕಿಹಿಟ್ಟು-ಬೆಲ್ಲದ ನನ್ನೇರಿ ಮೆಲ್ಲುತ್ತ ಗಂಡಂದಿರ ಗುಣಗಾನ ಶುರು ಮಾಡಿದರು. ನಾನು ದೂರ ಸರಿದೆ. ಪೊದೆ ಉಳಿದ ಕಡೆಯ ಗಿಡದ ಮೇಲೆ ಒಂದು ವಿಕಾರ ಹುಳ. ಕಪ್ಪು, ಮೈತುಂಬ ಮುಳ್ಳು, ಪುಟಾಣಿ ಮೊಸಳೆ. ಹೊಸಕಲು ಬೆರಳು ಚಾಚಿದೆ.

"ತಡೀರಿ ಶೆಟ್ರ! ಅದು ಗುಲಗಂಜಿ ಹುಳದ ಮರಿ. ಹೇನು ತಿಂತೈತಿ." ಹಿಂದಿನಿಂದ ಸರ್ದಾರ.

ಬಗ್ಗಿ ನೋಡಿದೆ. ತಿನ್ನುತ್ತಿತ್ತು — ಪಾರ್ಲೆಯ ಕಾಲೇಜು ಹುಡುಗರು ಇಡ್ಲಿ ತಿಂದ ಹಾಗೆ, ಒಂದು ಮುಗಿಯುವ ಮೊದಲೇ ಇನ್ನೊಂದು. ಈ ಕಡೆ ಸಾಲಿಗೆ ಹತ್ತಿಪ್ಪತ್ತು. ಸೇತುವೆ ಕಡೆ ಹುಡುಕಿದರೂ ಇಲ್ಲ.

"ಎಲ್ಲಿಂದ ಬರ್ತಾವೆ ಇವು?"

ಸರ್ದಾರ ಪೊದೆಯತ್ತ ಗದ್ದ ಎತ್ತಿ ತೋರಿಸಿದ. "ಅದಽ ಅವುಗಳ ಮನಿ. ಹೂವಿನ ಪುಡಿ ತಿಂದ್ಕೊಂಡು ಇರ್ತಾವು. ಹೇನು ಬಿತ್ತಂದ್ರ ಹೊಲಕ್ಕ ಇಳೀತಾವು."

"ಅವತ್ತೇ ಹೇಳಬಾರದಿತ್ತೇನಪ್ಪ?"

"ಅಷ್ಟ್ ಖುಷೀಲೆ ಮಾಡಿದ್ರಿ. ಹೆಂಗ ಹೇಳ್ಲಿ?"

ಅಲ್ಲೇ ನಿಂತು ಮಿಷಿನ್‌ನವನಿಗೆ ಫೋನ್. ನಾಳೆ ಬರಬೇಡ. ನಾಡಿದ್ದೂ ಬರಬೇಡ. ಭೂಮಿತಾಯಿಗೊಂದು, ಸೌಟು ಹಿಡಿದ ತಾಯಿಗೊಂದು ನಮಸ್ಕಾರ.

ಫೆಬ್ರವರಿ 20
ಹೊಸ ಉದ್ಯೋಗ. ಪೊದೆ ಕಡೆಯಿಂದ ಕೆಂಪು ಮೈಗೆ ಕರಿ ಚುಕ್ಕಿಯ ಗುಲಗಂಜಿ ಹುಳ ಹಿಡಿದು, ಚಟ್ನಿ ಡಬ್ಬಿಯಲ್ಲಿ ಸೇತುವೆ ಕಡೆಗೆ ಒಯ್ದು ಬಿಡುವುದು. ಮಾಜಿ ಹೋಟೆಲ್ ಮಾಲೀಕ, ಹಾಲಿ ಹೋಮ್ ಡೆಲಿವರಿ. ಅರ್ಧಕ್ಕರ್ಧ ಗಿರಾಕಿಗಳು ಹಾರಿ ವಾಪಸ್ ಪೊದೆಗೇ ಹೋಗುತ್ತಾರೆ. ಮನೆ ಇರುವಲ್ಲಿಗೆ ತಾನೆ ಹೋಗುವುದು.

ಮಾರ್ಚ್ 9
ಶೇಠ್ ಬಂದರು. ಪೊದೆ ಕಡೆ ಮೊಳದುದ್ದದ ಕಾಯಿ, ಗೊಂಚಲು ಗೊಂಚಲು. ಸೇತುವೆ ಕಡೆ ಮುರುಟಿದ ಕಾಯಿ, ಅದೂ ಬೆರಳೆಣಿಕೆ.

"ಯೆ ಸೈಡ್ ಕೋ ಕ್ಯಾ ಹುವಾ?" ಈ ಕಡೆಗೆ ಏನಾಯಿತು ಅಂತ.

ನಾನು ಬಾಯಿ ತೆರೆದೆ. ಸರ್ದಾರ ಅಷ್ಟರಲ್ಲೇ, "ಮೇರಿ ಗಲ್ತಿ, ಶೇಠ್. ಬೀಜ್ ಲೇಟ್ ಡಾಲಾ." ತಪ್ಪು ತನ್ನದಂತೆ, ಬಿತ್ತಿದ್ದು ತಡವಾಯಿತಂತೆ!

ಶೇಠ್ ತಲೆ ಆಡಿಸಿದರು. ಪೊದೆ ಕಡೆಯ ಅರ್ಧ ಸರ್ದಾರನೇ ಇಟ್ಟುಕೊಳ್ಳಲಿ, ಸೇತುವೆ ಕಡೆಯ ಅರ್ಧ ಮಂಟಪದವರಿಗೆ. ಸರ್ದಾರ ಹ್ಞೂಂ ಅಂದ. ನಾನು — ಮಾತಿನ ಮಲ್ಲ — ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಮಾರ್ಚ್ 10, ಬೆಳಿಗ್ಗೆ 7.20
ಏಳಕ್ಕೇ ಶೇಠ್‌ಗೆ ಫೋನ್ ಮಾಡಿದೆ. ಎಲ್ಲ ಒಪ್ಪಿಕೊಂಡೆ — ಮಿಷಿನ್, ಪೊದೆ, ಹೇನು, ಸರ್ದಾರ ಬೀಜ ಹಾಕಿದ್ದು ಎರಡೂ ಕಡೆ ಒಂದೇ ದಿನ ಎಂಬುದು. ಆ ಕಡೆಯಿಂದ ನಗು. ನಕ್ಕು ನಕ್ಕು ಕೆಮ್ಮು. ಪೂರ್ತಿ ಜಾಗ ಸರ್ದಾರನಿಗೇ ಇರಲಿ, ಕಡಿದ ಪೊದೆಯೂ ಮತ್ತೆ ಬೆಳೆಯಲಿ, ಆದರೆ ಆ ಶೆಟ್ಟಿಯನ್ನು ಹೊಲದಿಂದ ದೂರ ಇಡಲು ಸರ್ದಾರನಿಗೆ ಹೇಳಿ — ಅಂತ ಆ ಶೆಟ್ಟಿಗೇ ಹೇಳಿದರು!

ಹೊರಟಿದ್ದೇನೆ ಹೊಲಕ್ಕೆ. ಸೇವಂತಿಯೂ ಬರುತ್ತಾಳಂತೆ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ. ಏನಂತ ಶುರು ಮಾಡಲಿ? ಥ್ಯಾಂಕ್ಸ್ ಅಂದರೆ "ಇರ್ಲಿ ಬಿಡ್ರಿ" ಅನ್ನುತ್ತಾನೆ. ತಪ್ಪಾಯಿತು ಅನ್ನಹೋದರೆ ಮಾತು ಮುಗಿಯುವ ಮೊದಲೇ ಆಚೆ ಸಾಲಿಗೆ ಸರಿಯುತ್ತಾನೆ. ಮೊದಲು ಶೇಠ್ ಅಂದದ್ದನ್ನು ಹೇಳುವುದು. ಅವನು ನಗುತ್ತಾನೆ. ನಗುವಾಗ ಮೆಲ್ಲಗೆ, ಸರ್ದಾರ, ನೀನು ನಿನ್ನೆ ನನ್ನ ತಪ್ಪನ್ನು ನಿನ್ನ ತಲೆಗೆ ಹಾಕಿಕೊಂಡೆಯಲ್ಲ, ಅದಕ್ಕೆ —